ಮರದ ಶಾಸನ

ಇಂಗ್ಲಿಷಿನಲ್ಲಿ ಒಂದು ನುಡಿಗಟ್ಟು ಉಂಟು. ಕಚೇರಿಯಲ್ಲಿ ಯಾರ ಲೆಕ್ಕಕ್ಕೂ ಬಾರದೆ ಎಲ್ಲರ ಮಾತನ್ನೂ ಕೇಳಬೇಕಾದ ಕೊನೆಯ ಗುಮಾಸ್ತನನ್ನು 'ಟೋಟೆಂ ಕಂಬದ ಬುಡದವನು' ಎನ್ನುತ್ತಾರೆ. ಮೇಲೆ ಇದ್ದವನು ಹಿರಿಯ, ಕೆಳಗೆ ಇದ್ದವನು ಕಿರಿಯ ಎಂಬ ಎಣಿಕೆ ಈ ಮಾತಿನ ಹಿಂದೆ ಇದೆ. ಆದರೆ ಆ ಕಂಬಗಳನ್ನು ಕಡೆದು ನಿಲ್ಲಿಸಿದ ಜನರಲ್ಲಿ ಇಂಥ ಎಣಿಕೆಯೇ ಇಲ್ಲ. ಕಂಬದ ಬುಡ ನೋಡುವವರ ಕಣ್ಣಿನ ಮಟ್ಟಕ್ಕೆ ಬರುವ ಭಾಗ. ಎಲ್ಲರೂ ಹತ್ತಿರದಿಂದ ಕಾಣುವುದು ಅದನ್ನೇ. ಆದ್ದರಿಂದ ಮುಖ್ಯ ಕುಶಲಿಗನು ಹಲವು ವೇಳೆ ಬುಡದ ಆಕೃತಿಗಳನ್ನು ತಾನೇ ಕೆತ್ತಿ, ಮೇಲಿನವನ್ನು ಶಿಷ್ಯರ ಕೈಗೆ ಬಿಡುವುದುಂಟು. ಬುಡದವನು ನಿಕೃಷ್ಟನೆಂಬುದು ಹೊರಗಿನವರು ತಮ್ಮ ಕಚೇರಿಗಳನ್ನು ನೋಡಿ ಕಟ್ಟಿಕೊಂಡ ಅರ್ಥ.

ನುಡಿಗಟ್ಟಿನಲ್ಲಿ ಇರುವಂತೆ ಹೆಸರಿನಲ್ಲೂ ಗೊಂದಲವಿದೆ. 'ಟೋಟೆಂ' ಎಂಬುದು ಈ ಕಂಬಗಳ ನಾಡಿನ ಮಾತಲ್ಲ. ಸಾವಿರಾರು ಮೈಲಿ ದೂರದಲ್ಲಿ, ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತ ವಾಸಿಸುವ ಒಜಿಬ್ವೆ ಜನರ ಭಾಷೆಯದು. ಕುಲ, ಬಾಂಧವ್ಯ ಎಂದು ಅದರ ಅರ್ಥ. ಜಾನ್ ಲಾಂಗ್ ಎಂಬ ವ್ಯಾಪಾರಿ ೧೭೯೧ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಪದವನ್ನು ಇಂಗ್ಲಿಷಿಗೆ ತಂದ. ಆಮೇಲೆ ಮಾನವಶಾಸ್ತ್ರಜ್ಞರು ಅದನ್ನು ಎತ್ತಿಕೊಂಡು ಜಗತ್ತಿನ ನಾನಾ ಕಡೆಯ ಕುಲಪದ್ಧತಿಗಳಿಗೆ ಹಚ್ಚಿದರು. ಮೈಸೂರು ಸೀಮೆಯ ಜಾತಿಪಂಗಡಗಳನ್ನು ಕುರಿತು ಬರೆದ ವಿದ್ವಾಂಸರು ಆನೆ, ಆಮೆ ಮೊದಲಾದ ಹೆಸರುಳ್ಳ ನಮ್ಮ ಬೆಡಗು, ಬಳಿಗಳಿಗೂ ಇದೇ ಪದವನ್ನು ಬಳಸಿದ್ದಾರೆ. ಅವರ ಅರ್ಥದಲ್ಲಿ ಟೋಟೆಂ ಎಂದರೆ ಕುಲದವರು ಕೊಲ್ಲಬಾರದ, ತಿನ್ನಬಾರದ ಪ್ರಾಣಿ ಅಥವಾ ಗಿಡ. ಶಾಂತಸಾಗರದ ಕರಾವಳಿಯ ಕಂಬಗಳ ಮೇಲಿನ ಕರಡಿಗೂ ಕಪ್ಪೆಗೂ ಆ ಅರ್ಥ ಒಗ್ಗುವುದಿಲ್ಲ. ಕರಡಿಯ ಗುರುತಿನ ಮನೆತನದವನು ಕರಡಿಯನ್ನು ಬೇಟೆಯಾಡಬಹುದು. ಪಾದ್ರಿಗಳು ಇವನ್ನು ವಿಗ್ರಹಗಳೆಂದು ಬಗೆದರು; ಆದರೆ ಕಂಬಕ್ಕೆ ಯಾರೂ ಪೂಜೆ ಸಲ್ಲಿಸಲಿಲ್ಲ, ಹರಕೆ ಹೊರಲಿಲ್ಲ. ಮನೆತನದ ಲಾಂಛನವನ್ನು ಸಾರುವ ಕಂಬ ಇದು. ಕನ್ನಡದಲ್ಲಿ 'ಲಾಂಛನ ಕಂಬ' ಎಂದರೆ ಸತ್ಯಕ್ಕೆ ಹತ್ತಿರವಾಗುತ್ತದೆ.

ಭೂಪಟದಲ್ಲಿ ಉತ್ತರ ಅಮೆರಿಕದ ಪಶ್ಚಿಮದ ಅಂಚನ್ನು ನೋಡಿ. ಅಲಾಸ್ಕದ ಆಗ್ನೇಯ ಭಾಗದಿಂದ ಕೆನಡ ದೇಶದ ಬ್ರಿಟಿಷ್ ಕೊಲಂಬಿಯದ ಉದ್ದಕ್ಕೂ, ಹರಿದ ಸೀರೆಯ ಸೆರಗಿನಂತೆ ಚಿಂದಿಚಿಂದಿಯಾದ ಕರಾವಳಿ ಕಾಣುತ್ತದೆ. ಲೆಕ್ಕವಿಲ್ಲದಷ್ಟು ದ್ವೀಪಗಳು, ನಾಡಿನೊಳಗೆ ನುಗ್ಗಿದ ಕಡಲ ಕೈಗಳು, ನೀರಿನಿಂದಲೇ ನೆಟ್ಟಗೆ ಎದ್ದ ಬೆಟ್ಟಗಳು, ವರ್ಷದ ಬಹುಭಾಗ ಮಳೆ, ಮಂಜು. ಟ್ಲಿಂಗಿಟ್, ಹೈಡಾ, ಸಿಮ್ಷಿಯಾನ್, ನಿಸ್ಗಾ, ಗಿಟ್ಕ್ಸಾನ್, ಹೈಸ್ಲಾ, ಕ್ವಾಕ್ವಾಕವಾಕ್ ಮೊದಲಾದ ಜನಾಂಗಗಳ ನೆಲ ಇದು. ಕುದುರೆಯೇರಿ ಬಯಲಿನಲ್ಲಿ ಕಾಡೆಮ್ಮೆಯನ್ನು ಅಟ್ಟುವ, ಗರಿಯ ಕಿರೀಟದ ಚಲನಚಿತ್ರದ 'ಕೆಂಪು ಇಂಡಿಯನ್ನ'ನಿಗೂ ಇವರಿಗೂ ಸಂಬಂಧವಿಲ್ಲ. ಆ ಬಯಲುಸೀಮೆಯವರು ಇಂಥ ಕಂಬಗಳನ್ನು ನಿಲ್ಲಿಸಿದವರೂ ಅಲ್ಲ. ಕರಾವಳಿಯವರು ಉತ್ತು ಬಿತ್ತಿ ಬೆಳೆದವರಲ್ಲ. ಆದರೂ ಅಲೆಮಾರಿಗಳಾಗಿರಲಿಲ್ಲ. ಋತು ತಪ್ಪದೆ ನದಿಗಳನ್ನು ಏರಿಬರುವ ಸಾಲ್ಮನ್ ಮೀನೇ ಅವರ ಪೈರು. ಬೇಸಿಗೆಯಿಂದ ಹಿಂಗಾರಿನವರೆಗೆ ಹಿಡಿದು ಹೊಗೆಯಲ್ಲಿ ಒಣಗಿಸಿಟ್ಟರೆ ಚಳಿಗಾಲದ ಊಟಕ್ಕೆ ಕೊರತೆಯಿಲ್ಲ. ಆ ದೀರ್ಘವಾದ ಚಳಿಗಾಲ ಕಥೆಗೆ, ಕುಣಿತಕ್ಕೆ, ಕೆತ್ತನೆಗೆ ಮೀಸಲು. ನೇಗಿಲಿಲ್ಲದ ಕಡೆ ದೊಡ್ಡ ಕಲೆ ಹುಟ್ಟದೆಂಬ ಪಾಠಪುಸ್ತಕದ ಸೂತ್ರವನ್ನು ಈ ಕರಾವಳಿ ಸುಳ್ಳುಮಾಡಿದೆ.

ಕಲೆಗೆ ಬೇಕಾದ ಸಾಮಗ್ರಿಯನ್ನು ಮಳೆಕಾಡು ಒದಗಿಸಿತು. ಅಲ್ಲಿಯ ಕೆಂಪು ಸೀಡರ್ ಮರ ಆಳುದ್ದದ ಬೊಡ್ಡೆಯಿಂದ ಮುಗಿಲಿಗೆ ಏರಿದ ಮಹಾವೃಕ್ಷ. ಅದರ ನಾರು ನೇರ, ಉಳಿಗೆ ಮೆದು, ಬೆಣೆ ಹೊಡೆದರೆ ಹಲಗೆ ಹಲಗೆಯಾಗಿ ಸೀಳುತ್ತದೆ. ಒಳಗಿನ ಎಣ್ಣೆಯ ಅಂಶ ಕೊಳೆಯನ್ನೂ ಹುಳುವನ್ನೂ ಬಹುಕಾಲ ತಡೆಯುತ್ತದೆ. ಅದರಿಂದಲೇ ಮನೆ, ಅದರಿಂದಲೇ ದೋಣಿ, ಪೆಟ್ಟಿಗೆ. ತೊಗಟೆಯಿಂದ ಹಗ್ಗ, ಚಾಪೆ, ಉಡುಪು. ಹುಟ್ಟಿದ ಕೂಸಿನ ತೊಟ್ಟಿಲಿನಿಂದ ಸತ್ತವರ ಪೆಟ್ಟಿಗೆಯವರೆಗೆ ಒಂದೇ ಮರ ಒಂದು ಜನದ ಬಾಳನ್ನು ಹೊತ್ತಿದೆ. ಕಂಬವೂ ಅದೇ ಮರದ್ದು.

ಒಂದು ಮನೆತನದ ಯಜಮಾನ ಕಂಬ ನಿಲ್ಲಿಸಬೇಕೆಂದು ಸಂಕಲ್ಪಿಸಿದರೆ ಅದು ವರ್ಷಗಳ ಸಿದ್ಧತೆಯ ಕೆಲಸ. ಕಾಡಿನಲ್ಲಿ ಗಂಟಿಲ್ಲದ ನೇರವಾದ ಮರವನ್ನು ಆರಿಸಿ, ಕಡಿದು, ನೀರಿನ ಮೇಲೆ ತೇಲಿಸಿ ಊರಿಗೆ ತರಬೇಕು. ನೆಲದ ಮೇಲೆ ಮಲಗಿಸಿಯೇ ಕೆತ್ತುವುದು. ಮನೆಯ ಮುಂದೆ ನಿಲ್ಲುವ ಕಂಬವಾದರೆ ಬೆನ್ನಿನ ಕಡೆ ದೋಣಿಯಂತೆ ತೋಡಿ ಟೊಳ್ಳುಮಾಡುತ್ತಾರೆ. ಭಾರ ಇಳಿಯುತ್ತದೆ, ಒಣಗುವಾಗ ಮರ ಸೀಳುವುದೂ ತಪ್ಪುತ್ತದೆ. ಆಯುಧಗಳು ಸರಳವಾದವು: ಬಾಚಿ, ಉಳಿ, ಬಾಗಿದ ಅಲಗಿನ ಚಾಕು. ಬಾಚಿಯ ಸಣ್ಣ ಸಣ್ಣ ಏಟುಗಳ ಗುರುತನ್ನು ಕೆಲವರು ಅಳಿಸದೆ ಬಿಡುತ್ತಾರೆ. ದೂರದಿಂದ ಅದು ನೀರಿನ ಮೇಲಿನ ಕಿರುತೆರೆಯಂತೆ ಕಾಣುತ್ತದೆ. ಬಣ್ಣಗಳೂ ಕೆಲವೇ: ಇದ್ದಲಿನ ಕಪ್ಪು, ಕಾವಿಯ ಕೆಂಪು, ಖನಿಜದಿಂದ ತೆಗೆದ ನೀಲಿ ಬೆರೆತ ಹಸಿರು. ಸಾಲ್ಮನ್ ಮೀನಿನ ಮೊಟ್ಟೆಯನ್ನು ಅಗಿದು ತೆಗೆದ ರಸವೇ ಬಣ್ಣ ಹಿಡಿಸುವ ಅಂಟು. ಕೊನೆಗೆ ಆಳವಾದ ಗುಂಡಿ ತೋಡಿ, ಹಗ್ಗ ಕಟ್ಟಿ, ನೂರಾರು ಜನ ಒಂದೇ ಉಸಿರಿನಲ್ಲಿ ಎಳೆದು ಕಂಬವನ್ನು ನಿಲ್ಲಿಸುತ್ತಾರೆ. ನಿಂತ ಮೇಲೆ ಕುಶಲಿಗನು ತನ್ನ ಬಾಚಿಯನ್ನು ಹಿಡಿದು ಅದರ ಬುಡದಲ್ಲಿ ಕುಣಿಯುವುದು ಸಂಪ್ರದಾಯ.

ಕಂಬಗಳಲ್ಲಿ ಹಲವು ಬಗೆ. ಮನೆಯ ತೊಲೆಯನ್ನು ಹೊತ್ತ ಒಳಗಂಬ. ಮನೆಯ ಮುಂಭಾಗದಲ್ಲಿ ನಿಂತು, ಹೈಡಾ ಜನರಲ್ಲಿ ಕೆಲವೊಮ್ಮೆ ಬುಡದಲ್ಲಿ ಬಾಗಿಲ ಕಂಡಿಯನ್ನೇ ಹೊಂದಿದ ಮುಂಗಂಬ. ಸತ್ತ ಯಜಮಾನನ ನೆನಪಿಗೆ ಅವನ ಉತ್ತರಾಧಿಕಾರಿ ನಿಲ್ಲಿಸುವ ಸ್ಮಾರಕ ಕಂಬ. ತಲೆಯ ಮೇಲೆ ಸತ್ತವನ ಅಸ್ಥಿಯ ಪೆಟ್ಟಿಗೆಯನ್ನೇ ಹೊತ್ತ ಸಮಾಧಿ ಕಂಬ. ಹೈಡಾ ಜನ ಈ ಕೊನೆಯದಕ್ಕೆ ಮರವನ್ನು ತಲೆಕೆಳಗು ಮಾಡಿ, ದಪ್ಪನೆಯ ಬುಡ ಮೇಲೆ ಬರುವಂತೆ ನಿಲ್ಲಿಸುತ್ತಿದ್ದರು. ಪೆಟ್ಟಿಗೆಗೆ ಜಾಗ ಬೇಕಲ್ಲ!

ಆಕೃತಿಗಳನ್ನು ಗುರುತಿಸುವುದು ಸ್ವಲ್ಪ ಅಭ್ಯಾಸವಾದರೆ ಕಷ್ಟವಲ್ಲ. ನೇರವಾದ ಕೊಕ್ಕಿದ್ದರೆ ಕಾಡುಕಾಗೆ, ಕೆಳಗೆ ಬಾಗಿದ್ದರೆ ಹದ್ದು. ಮುಂದಿನ ಎರಡು ದೊಡ್ಡ ಹಲ್ಲು, ಕೈಯಲ್ಲೊಂದು ಕೋಲು, ಗೀಟು ಗೀಟಾದ ಅಗಲ ಬಾಲವಿದ್ದರೆ ಬೀವರ್ ಎಂಬ ನೀರುಪ್ರಾಣಿ. ಬೆನ್ನಿನ ಮೇಲೆ ಎದ್ದ ರೆಕ್ಕೆ ಓರ್ಕಾ ತಿಮಿಂಗಿಲದ ಗುರುತು. ಹಲ್ಲಿಲ್ಲದ ಅಗಲವಾದ ಬಾಯಿ ಕಪ್ಪೆಯದು. ಹೈಡಾ ಕಂಬಗಳ ತುದಿಯಲ್ಲಿ ಎತ್ತರದ ಟೋಪಿ ತೊಟ್ಟು ಕುಳಿತ ಮೂವರು ಊರಿನ ಕಾವಲುಗಾರರು. ಇಷ್ಟು ತಿಳಿದರೆ ಕಂಬವನ್ನು ಓದಲು ಬಂದಂತಾಯಿತೇ? ಇಲ್ಲ. ಅಕ್ಷರಮಾಲೆ ಕಲಿತವನಿಗೆ ಕಾವ್ಯ ತಿಳಿಯದಂತೆ, ಪ್ರಾಣಿಗಳನ್ನು ಗುರುತಿಸಿದವನಿಗೆ ಕಂಬದ ಅರ್ಥ ತಿಳಿಯದು. ಯಾವ ಪೂರ್ವಿಕನಿಗೆ ಆ ಕರಡಿ ಎಲ್ಲಿ ಎದುರಾಯಿತು, ಯಾವ ಹೊಳೆಯ ದಡದಲ್ಲಿ ಆ ಮನೆತನ ಮೊದಲು ನೆಲೆ ನಿಂತಿತು, ಯಾವ ಹೆಸರು ಯಾರಿಂದ ಯಾರಿಗೆ ಇಳಿಯಿತು ಎಂಬುದು ಕಂಬದ ಮೇಲೆ ಕಾಣುವುದಿಲ್ಲ. ಅದನ್ನು ಬಲ್ಲವರು ಬಾಯಿಬಿಟ್ಟು ಹೇಳಬೇಕು. ಹೇಳುವ ಹಕ್ಕು ಕೂಡ ಎಲ್ಲರದಲ್ಲ. ಕಥೆ, ಹಾಡು, ಕುಣಿತ, ಲಾಂಛನ ಎಲ್ಲವೂ ಹೊಲಮನೆಗಳಂತೆ ಆಯಾ ಮನೆತನದ ಆಸ್ತಿ. ಪರರು ಮುಟ್ಟಿದರೆ ಅದು ಕಳವು.

ಕನ್ನಡ ಪಾಠ ಹೇಳುತ್ತ ಶಾಸನಗಳ ನಡುವೆ ಓಡಾಡುವ ನನ್ನಂಥವನಿಗೆ ಇದನ್ನು 'ಮರದ ಶಾಸನ' ಎಂದು ಕರೆಯಬೇಕೆನಿಸುತ್ತದೆ. ದಾನ, ವಂಶ, ಗಡಿ, ಹಕ್ಕು ಎಲ್ಲವೂ ಅದರಲ್ಲಿವೆ. ಆದರೆ ಕಲ್ಲಿನ ಶಾಸನ ತನ್ನನ್ನು ಬರೆಸಿದವರು ಅಳಿದ ಮೇಲೂ ಅಪರಿಚಿತನೊಡನೆ ಮಾತಾಡುತ್ತದೆ. ಮರದ ಶಾಸನಕ್ಕೆ ತನ್ನವರ ನಾಲಗೆ ಬೇಕು. ಅದಿಲ್ಲದಿದ್ದರೆ ಅದು ಮೂಕ. ಈ ಒಂದು ವ್ಯತ್ಯಾಸದಲ್ಲಿ ಕಂಬಗಳ ಇತಿಹಾಸವೆಲ್ಲ ಅಡಗಿದೆ.

ನಾಲಗೆಯ ಸಾಕ್ಷ್ಯವನ್ನು ಭದ್ರಪಡಿಸಲು ಆ ಜನ ಕಂಡುಕೊಂಡ ಏರ್ಪಾಡೇ ಪಾಟ್ಲಾಚ್ ಎಂಬ ಮಹೋತ್ಸವ. ಹೆಸರು ಇಡುವಾಗ, ಪಟ್ಟಕ್ಕೆ ಏರುವಾಗ, ಸತ್ತವರನ್ನು ನೆನೆಯುವಾಗ, ಕಂಬ ನಿಲ್ಲಿಸುವಾಗ ನೆರೆಹೊರೆಯ ಕುಲಗಳನ್ನು ಕರೆದು, ಉಣಿಸಿ, ತನ್ನ ಮನೆತನದ ವೃತ್ತಾಂತವನ್ನು ಎಲ್ಲರೆದುರು ಹಾಡಿ ಆಡಿ ಸಾರಬೇಕು. ಬಂದವರಿಗೆಲ್ಲ ಕಂಬಳಿ, ಪೆಟ್ಟಿಗೆ, ತಾಮ್ರದ ಫಲಕ, ಮೀನೆಣ್ಣೆ ಮೊದಲಾದ ಉಡುಗೊರೆ ಹಂಚಬೇಕು. ಆ ಉಡುಗೊರೆ ಸಾಕ್ಷಿಗೆ ಸಲ್ಲುವ ಗೌರವ. ಪಡೆದವನು ತಾನು ಕಂಡದ್ದನ್ನೂ ಕೇಳಿದ್ದನ್ನೂ ಮರೆಯದೆ ಮಕ್ಕಳಿಗೆ ಹೇಳಬೇಕಾದವನು. ಕೂಡಿಟ್ಟವನು ದೊಡ್ಡವನಲ್ಲ, ಕೊಟ್ಟವನು ದೊಡ್ಡವನು. ನೋಂದಣಿ ಕಚೇರಿಯಿಲ್ಲದ ನಾಡಿನಲ್ಲಿ ನೂರು ಜನರ ನೆನಪೇ ನೋಂದಣಿಯ ಪುಸ್ತಕವಾಗಿತ್ತು.

ಪಡೆದದ್ದಕ್ಕೆ ಪ್ರತಿಯಾಗಿ ಕೊಡದವನ ಪಾಡೇನು? ಅವನಿಗೂ ಒಂದು ಬಗೆಯ ಕಂಬವಿತ್ತು, ಅಪಕೀರ್ತಿಯ ಕಂಬ. ೧೮೬೭ರಲ್ಲಿ ರಷ್ಯದಿಂದ ಅಲಾಸ್ಕವನ್ನು ೭೨ ಲಕ್ಷ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡ ಅಮೆರಿಕದ ವಿದೇಶಾಂಗ ಸಚಿವ ವಿಲಿಯಂ ಸೀವರ್ಡ್, ಅಧಿಕಾರ ಬಿಟ್ಟ ಮೇಲೆ ೧೮೬೯ರಲ್ಲಿ ಆ ಸೀಮೆಗೆ ಹೋಗಿದ್ದ. ಟ್ಲಿಂಗಿಟ್ ನಾಯಕನೊಬ್ಬ ಅವನನ್ನು ಸತ್ಕರಿಸಿ ಉಡುಗೊರೆಗಳನ್ನಿತ್ತ. ಸೀವರ್ಡ್ ಅವನ್ನು ತೆಗೆದುಕೊಂಡು ಹೊರಟುಹೋದ. ಪ್ರತಿಯಾಗಿ ಏನೂ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅವನ ಆಕೃತಿಯನ್ನು ಕೆತ್ತಿ, ಮೂಗಿಗೂ ಕಿವಿಗೂ ಕೆಂಪು ಬಳಿದು, ಊರೆದುರು ನಿಲ್ಲಿಸಿದರು. ಆ ಕಂಬ ಕೊಳೆತುಹೋಯಿತು. ಸಾಲ ಮಾತ್ರ ತೀರಲಿಲ್ಲವಾದ್ದರಿಂದ ಸ್ಯಾಕ್ಸ್‌ಮನ್ ಎಂಬ ಊರಿನಲ್ಲಿ ಅದನ್ನು ಮತ್ತೆ ಕೆತ್ತಿದರು. ಅದೂ ಶಿಥಿಲವಾದ ಮೇಲೆ ೨೦೧೭ರಲ್ಲಿ ಇನ್ನೊಂದನ್ನು ನಿಲ್ಲಿಸಿದರು. ಒಂದು ದೇಶವನ್ನೇ ಕೊಂಡವನು ಒಂದು ಊಟದ ಋಣವನ್ನು ತೀರಿಸದೆ ಹೋದದ್ದನ್ನು ಮೂರು ಮರಗಳು ನೆನಪಿಟ್ಟಿವೆ.

ಈ ಪದ್ಧತಿ ಎಷ್ಟು ಹಳೆಯದು ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲ ನಡೆಯಿತು. ಕೆನಡದ ಮಾನವಶಾಸ್ತ್ರಜ್ಞ ಮೇರಿಯಸ್ ಬಾರ್ಬೋ, ದೊಡ್ಡ ಕಂಬಗಳೆಲ್ಲ ಬಿಳಿಯರು ಕಬ್ಬಿಣ ತಂದ ಮೇಲಿನವು ಎಂದು ವಾದಿಸಿದರು. ಮರ ಕೊಳೆಯುವ ವಸ್ತುವಾದ್ದರಿಂದ ಹಳೆಯ ಕಂಬಗಳು ನಮ್ಮ ಕೈಗೆ ಸಿಕ್ಕಿಲ್ಲ. ಆದರೆ ೧೭೭೮ರಲ್ಲಿ ಕ್ಯಾಪ್ಟನ್ ಕುಕ್‌ನ ಜೊತೆ ಬಂದ ಚಿತ್ರಕಾರ ಜಾನ್ ವೆಬರ್ ನೂಟ್ಕಾದ ಮನೆಯೊಂದರ ಒಳಗೆ ಕೆತ್ತಿದ ಕಂಬಗಳನ್ನು ಚಿತ್ರಿಸಿದ್ದಾನೆ. ೧೭೯೧ರಲ್ಲಿ ಜಾನ್ ಬಾರ್ಟ್‌ಲೆಟ್ ಎಂಬ ನಾವಿಕ ಹೈಡಾ ಊರೊಂದರಲ್ಲಿ ಮನೆಯ ಮುಂದಿನ ಎತ್ತರವಾದ ಕಂಬವನ್ನು ಕಂಡು ಬರೆದಿಟ್ಟಿದ್ದಾನೆ. ಅಷ್ಟು ಪ್ರೌಢವಾದ ಕೆಲಸ ಹಡಗು ಬಂದ ಹತ್ತಾರು ವರ್ಷಗಳಲ್ಲಿ ಹುಟ್ಟುವಂಥದಲ್ಲ. ನಡೆದದ್ದು ಇಷ್ಟೆಂದು ತೋರುತ್ತದೆ: ಕಡಲ ನೀರುನಾಯಿಯ ತುಪ್ಪುಳಿನ ವ್ಯಾಪಾರದಿಂದ ಹಣವೂ ಕಬ್ಬಿಣದ ಹತ್ಯಾರಗಳೂ ಹೆಚ್ಚಾಗಿ ಬಂದವು, ಮೊದಲೇ ಇದ್ದ ಕಲೆ ೧೯ನೆಯ ಶತಮಾನದಲ್ಲಿ ಕಂಬಗಳ ತೋಪಾಗಿ ಬೆಳೆಯಿತು. ಹೈಡಾ ಊರುಗಳ ಆ ಕಾಲದ ಛಾಯಾಚಿತ್ರಗಳಲ್ಲಿ ಕಡಲ ದಡದ ಉದ್ದಕ್ಕೂ ಮನೆಗಳಿಗಿಂತ ಕಂಬಗಳೇ ಹೆಚ್ಚಾಗಿ ಕಾಣುತ್ತವೆ.

ಆ ತೋಪಿಗೆ ಬೆಂಕಿ ಬಿದ್ದದ್ದು ಹಡಗಿನಿಂದಲೇ. ೧೮೬೨ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ವಿಕ್ಟೋರಿಯಾ ಪಟ್ಟಣಕ್ಕೆ ಬಂದ ಹಡಗಿನಲ್ಲಿ ಸಿಡುಬು ಬಂತು. ವ್ಯಾಪಾರಕ್ಕೂ ಕೂಲಿಗೂ ಬಂದು ಪಟ್ಟಣದ ಹೊರಗೆ ಬೀಡುಬಿಟ್ಟಿದ್ದ ಉತ್ತರದವರನ್ನು ಅಧಿಕಾರಿಗಳು ಅಲ್ಲಿಂದ ಹೊರಡಿಸಿದರು. ರೋಗಿಗಳನ್ನು ಹೊತ್ತ ದೋಣಿಗಳು ಕರಾವಳಿಯ ಊರೂರಿಗೂ ಸಿಡುಬನ್ನು ಒಯ್ದವು. ಸಾವಿರಗಟ್ಟಲೆಯಿದ್ದ ಹೈಡಾ ಜನ ಆ ಶತಮಾನ ಮುಗಿಯುವ ಹೊತ್ತಿಗೆ ಕೆಲವೇ ನೂರಾಗಿ, ಮ್ಯಾಸೆಟ್ ಮತ್ತು ಸ್ಕಿಡ್‌ಗೇಟ್ ಎಂಬ ಎರಡು ಊರುಗಳಲ್ಲಿ ಬಂದು ಸೇರಿಕೊಂಡರು. ಉಳಿದ ಊರುಗಳಲ್ಲಿ ಕಂಬಗಳು ನಿಂತಿದ್ದವು. ಓದಿ ಹೇಳುವವರು ಇರಲಿಲ್ಲ.

ಸಿಡುಬು ಮುಗಿಸದೆ ಬಿಟ್ಟದ್ದನ್ನು ಕಾನೂನು ಕೈಗೆತ್ತಿಕೊಂಡಿತು. ಪಾಟ್ಲಾಚ್ ಅಪರಾಧವೆಂದು ಕೆನಡದ ಸಂಸತ್ತು ೧೮೮೪ರಲ್ಲಿ ತಿದ್ದುಪಡಿ ಮಾಡಿತು. ಮರುವರ್ಷ ಅದು ಜಾರಿಗೆ ಬಂತು. ದುಡಿದದ್ದನ್ನೆಲ್ಲ ಹಂಚಿಬಿಡುವುದು ದುಂದು, ನಾಗರಿಕತೆಗೆ ಅಡ್ಡಿ ಎಂಬುದು ಅಧಿಕಾರಿಗಳ ವಾದ. ೧೯೨೧ರ ಡಿಸೆಂಬರಿನಲ್ಲಿ ಡ್ಯಾನ್ ಕ್ರ್ಯಾನ್ಮರ್ ಎಂಬ ಕ್ವಾಕ್ವಾಕವಾಕ್ ನಾಯಕ ಅಧಿಕಾರಿಗಳ ಕಣ್ಣು ತಪ್ಪಿಸಿ ದೂರದ ಒಂದು ದ್ವೀಪದಲ್ಲಿ ದೊಡ್ಡ ಪಾಟ್ಲಾಚ್ ನಡೆಸಿದ. ಸುದ್ದಿ ಹೊರಬಿತ್ತು. ೪೫ ಜನರ ಮೇಲೆ ಮೊಕದ್ದಮೆ ಹೂಡಿದರು. ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಹಂಚಿದ್ದು ಅವರ ಅಪರಾಧ. ಮುಖವಾಡ, ತಾಮ್ರದ ಫಲಕಗಳನ್ನು ಒಪ್ಪಿಸಿದ ಊರಿನವರಿಗೆ ಶಿಕ್ಷೆಯಲ್ಲಿ ರಿಯಾಯಿತಿ ತೋರಿದರು. ಒಪ್ಪಿಸದವರಲ್ಲಿ ಸುಮಾರು ೨೦ ಜನ, ಹೆಂಗಸರೂ ಸೇರಿ, ಸೆರೆಮನೆಗೆ ಹೋದರು. ೧೯೨೭ರಲ್ಲಿ ಇನ್ನೊಂದು ಕಟ್ಟಳೆ ಬಂತು: ನೆಲದ ಹಕ್ಕಿಗಾಗಿ ದಾವೆ ಹೂಡಲು ಹಣ ಸಂಗ್ರಹಿಸುವುದೂ ನಿಷಿದ್ಧ. ಎರಡು ಕಟ್ಟಳೆಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮರ್ಮ ತಿಳಿಯುತ್ತದೆ. ಒಂದು, ನೆಲ ಯಾರದೆಂದು ಸಾರುವ ಹಳೆಯ ಬಗೆಯನ್ನು ಮುಚ್ಚಿತು. ಇನ್ನೊಂದು, ಹೊಸ ಬಗೆಯನ್ನು ಮುಚ್ಚಿತು. ಇವೆರಡೂ ರದ್ದಾದದ್ದು ೧೯೫೧ರಲ್ಲಿ.

ಇದೇ ಕಾಲದಲ್ಲಿ ಕಂಬಗಳಿಗೆ ಬೇರೆಯವರ ಆಸೆ ಹುಟ್ಟಿತು. ಕುಣಿದವನನ್ನು ಸೆರೆಗೆ ಹಾಕಿದ ನಾಗರಿಕತೆಯೇ ಅವನ ಮುಖವಾಡವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆಚ್ಚಿತು. ಸಿಯಾಟಲ್ ಪಟ್ಟಣದ ಗಣ್ಯ ವರ್ತಕರು ೧೮೯೯ರಲ್ಲಿ ಅಲಾಸ್ಕಕ್ಕೆ ವಿಹಾರ ಹೋದಾಗ, ಟಾಂಗಸ್ ಎಂಬ ಟ್ಲಿಂಗಿಟ್ ಊರಿನವರು ಮೀನುಗಾರಿಕೆಗೆ ಹೋಗಿದ್ದ ಸಮಯ ನೋಡಿ, ಒಂದು ಕಂಬವನ್ನು ಕೊಯ್ದು ಹಡಗಿಗೇರಿಸಿ ತಂದು ತಮ್ಮ ಊರಿನ ಚೌಕದಲ್ಲಿ ನಿಲ್ಲಿಸಿದರು. ವಿಷಯ ನ್ಯಾಯಾಲಯಕ್ಕೆ ಹೋಯಿತು; ೫೦೦ ಡಾಲರ್ ತೆತ್ತು ಕೈತೊಳೆದುಕೊಂಡರು. ೧೯೩೮ರಲ್ಲಿ ಆ ಕಂಬಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ಅದರ ಪ್ರತಿಯನ್ನು ಕೆತ್ತಿಕೊಡಲು ಮತ್ತೆ ಟ್ಲಿಂಗಿಟ್ ಕುಶಲಿಗರೇ ಬೇಕಾದರು.

ವಿದ್ವಾಂಸರೂ ಈ ದೋಷಕ್ಕೆ ಹೊರತಲ್ಲ. ನಿಸ್ಗಾ ಜನರ ಊರೊಂದರಲ್ಲಿ, ಪಟ್ಟಕ್ಕೆ ಬರಬೇಕಿದ್ದ ತ್ಸಾವಿಟ್ ಎಂಬ ವೀರ ಕಾದಾಟದಲ್ಲಿ ಮಡಿದ. ಅವನ ನೆನಪಿಗೆ ಮನೆತನದ ಹಿರಿಯಳು ೧೮೫೫ರಲ್ಲಿ ೧೧ ಮೀಟರ್ ಎತ್ತರದ ಕಂಬವನ್ನು ನಿಲ್ಲಿಸಿದಳು. ೧೯೨೯ರಲ್ಲಿ, ಊರಿನವರು ಬೇಟೆಗೂ ಮೀನಿಗೂ ಹೋಗಿದ್ದಾಗ, ಮೇಲೆ ಹೇಳಿದ ಬಾರ್ಬೋ ಅದನ್ನು ತೆಗೆಸಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಸ್ತುಸಂಗ್ರಹಾಲಯಕ್ಕೆ ಮಾರಿದರು. ಕಂಬಗಳನ್ನು ಕುರಿತು ಹೆಬ್ಬೊತ್ತಗೆಗಳನ್ನು ಬರೆದು ಅವುಗಳ ಕಥೆಗಳನ್ನು ಸಂಗ್ರಹಿಸಿದವರೂ ಅವರೇ. ಅಳಿಯುತ್ತಿರುವುದನ್ನು ಉಳಿಸುತ್ತಿದ್ದೇನೆಂದು ಅವರು ನಂಬಿದ್ದಿರಬೇಕು. ಆದರೆ ಮನೆಯವರನ್ನು ಕೇಳದೆ ಉಳಿಸುವುದಕ್ಕೆ ಏನೆನ್ನಬೇಕು?

ನೂಲು ಪೂರ್ತಿಯಾಗಿ ಕಡಿಯಲಿಲ್ಲವೆಂಬುದೇ ಸಮಾಧಾನ. ಕ್ವಾಕ್ವಾಕವಾಕ್ ಕುಶಲಿಗ ಮುಂಗೋ ಮಾರ್ಟಿನ್ ನಿಷೇಧದ ಕಾಲದಲ್ಲೂ ಕೈಯ ಕಸುಬನ್ನು ಬಿಟ್ಟಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ವಿಕ್ಟೋರಿಯಾದ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ತನ್ನ ಕುಲದ ಬಗೆಯ ಮಹಾಗೃಹವನ್ನು ಕಟ್ಟಿ, ೧೯೫೩ರ ಡಿಸೆಂಬರಿನಲ್ಲಿ ಅಲ್ಲಿ ಪಾಟ್ಲಾಚ್ ನಡೆಸಿದ. ನಿಷೇಧ ಹೋದ ಮೇಲೆ ಸಾರ್ವಜನಿಕವಾಗಿ ನಡೆದ ಮೊದಲನೆಯದು ಅದು. ಹೈಡಾ ಜನರಲ್ಲಿ ಆ ಭಾಗ್ಯ ಇನ್ನೂ ತಡವಾಗಿ ಬಂತು. ೧೯೬೯ರ ಆಗಸ್ಟಿನಲ್ಲಿ ರಾಬರ್ಟ್ ಡೇವಿಡ್‌ಸನ್ ಎಂಬ ೨೨ ವರ್ಷದ ತರುಣ ಮ್ಯಾಸೆಟ್ ಊರಿನಲ್ಲಿ ೪೦ ಅಡಿಯ ಕಂಬವನ್ನು ನಿಲ್ಲಿಸಿದ. ಆ ಊರಿನಲ್ಲಿ ಸುಮಾರು ೯೦ ವರ್ಷಗಳಿಂದ ಕಂಬವೇ ಎದ್ದಿರಲಿಲ್ಲ. ಯಾವ ಹಾಡು ಮೊದಲು, ಯಾವ ಕುಣಿತ ಆಮೇಲೆ ಎಂಬುದನ್ನು ವೃದ್ಧರು ಕಲೆತು ಕುಳಿತು, ಒಬ್ಬರ ಮರವೆಯನ್ನು ಇನ್ನೊಬ್ಬರ ನೆನಪಿನಿಂದ ತುಂಬಿ, ಹೊಂದಿಸಿಕೊಳ್ಳಬೇಕಾಯಿತು. ಕಂಬ ಎತ್ತಿದ್ದು ತರುಣರ ತೋಳು. ನಿಲ್ಲಿಸಿದ್ದು ಆ ನೆನಪು ಎನ್ನಬೇಕು.

ಇನ್ನು ಹಳೆಯ ಕಂಬಗಳ ಮಾತು. ಅವನ್ನು ಏನು ಮಾಡಬೇಕು? ಈ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಸುಲಭವಲ್ಲ.

ಹೈಸ್ಲಾ ಜನರ ಕಥೆಯನ್ನು ಕೇಳಿ. ಕಿಟ್ಲೋಪ್ ಕಣಿವೆಯ ಮಿಸ್‌ಕುಸಾ ಎಂಬಲ್ಲಿ ಗಪ್ಸ್‌ಗೋಲಕ್ಸ್ ಎಂಬ ನಾಯಕನಿದ್ದ. ಸಿಡುಬಿನಲ್ಲಿ ಮಡದಿ ಮಕ್ಕಳನ್ನು ಕಳೆದುಕೊಂಡು ಕಾಡಿನಲ್ಲಿ ಅಲೆಯುತ್ತಿದ್ದವನಿಗೆ ತ್ಸೂಡಾ ಎಂಬ ಚೇತನ ಎದುರಾಗಿ ಸತ್ತವರನ್ನು ಕಾಣಿಸಿತೆಂದು ಅವರ ಐತಿಹ್ಯ. ಅದರ ನೆನಪಿಗೆ ೧೮೭೨ರಲ್ಲಿ ಆತ ೯ ಮೀಟರಿನ ಕಂಬವನ್ನು ಕೆತ್ತಿಸಿದ. ೧೯೨೯ರಲ್ಲಿ ಅದನ್ನು ಕಡಿದು ಸ್ವೀಡನ್ನಿಗೆ ಒಯ್ದರು. ಕಂಬ ಏನಾಯಿತೆಂದು ಹೈಸ್ಲಾ ಜನರಿಗೆ ೧೯೯೧ರವರೆಗೆ ತಿಳಿಯಲಿಲ್ಲ; ಆಗ ಅದು ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿ ಇರುವುದು ಗೊತ್ತಾಯಿತು. ಹಿಂದಕ್ಕೆ ಕೊಡಿ ಎಂದು ಕೇಳಿದರು. ೧೯೯೪ರಲ್ಲಿ ಸ್ವೀಡನ್ ಸರ್ಕಾರ ಒಪ್ಪಿತು. ಹೈಸ್ಲಾ ಜನ ಬರಿಗೈಯಲ್ಲಿ ಕೇಳಿದವರಲ್ಲ. ಮೂಲ ಕಂಬವನ್ನು ಕೆತ್ತಿದವರ ವಂಶದ ಹೆನ್ರಿ ರಾಬರ್ಟ್‌ಸನ್ ತನ್ನ ಮನೆಯವರೊಡನೆ ಎರಡು ಪ್ರತಿಗಳನ್ನು ಕೆತ್ತಿದ; ಒಂದು ಮಿಸ್‌ಕುಸಾದಲ್ಲಿ ನಿಂತಿತು, ಇನ್ನೊಂದು ಸ್ವೀಡನ್ನಿಗೆ ಉಡುಗೊರೆ. ಕಳೆದುಕೊಂಡವರೇ ಒಯ್ದವರಿಗೆ ಉಡುಗೊರೆ ಕೊಟ್ಟದ್ದು ಪಾಟ್ಲಾಚಿನ ಧರ್ಮಕ್ಕೆ ತಕ್ಕದ್ದೇ. ಆದರೂ ಕಂಬ ಮನೆಗೆ ಬಂದದ್ದು ೨೦೦೬ರಲ್ಲಿ. ನಡುವೆ ಬಂದ ತೊಡಕು ಇದು: ತೇವ, ಬಿಸಿಲು ತಾಗದ ಕಟ್ಟಡದಲ್ಲಿ ಅದನ್ನು ಕಾಪಾಡಬೇಕೆಂದು ಸ್ವೀಡನ್ನಿನವರ ಅಪೇಕ್ಷೆ. ಕಂಬ ನಿಂತ ನೆಲದಲ್ಲೇ ಬಿದ್ದು, ಹಾವಸೆ ಹಿಡಿದು, ಮಣ್ಣಾಗಬೇಕೆಂಬುದು ಹೈಸ್ಲಾ ಪದ್ಧತಿ. ಕೊನೆಗೆ ೨೦೧೨ರಲ್ಲಿ ಅದನ್ನು ಮಿಸ್‌ಕುಸಾದ ಕಾಡಿಗೆ ಒಯ್ದು ಮಲಗಿಸಿದರು.

ವಸ್ತುಸಂಗ್ರಹಾಲಯದವರ ಅಳುಕು ನನಗೆ ಅರ್ಥವಾಗುತ್ತದೆ. ಒಂದು ಓಲೆಗರಿಗೆ ಗೆದ್ದಲು ಹತ್ತಿದರೆ ಎದೆ ಹಿಂಡುವ ಜನ ನಾವು. ಕಂಡರಿಸಿದ ನೂರಾರು ವರ್ಷದ ಮರವನ್ನು ಬೇಕೆಂದೇ ಮಳೆಗೆ ಬಿಡುವುದೆಂದರೆ ಕೈ ನಡುಗುತ್ತದೆ. ಹೈಡಾ ದ್ವೀಪಗಳ ದಕ್ಷಿಣ ತುದಿಯ ಸ್ಗಾಂಗ್ ಗ್ವಾಯ್ ಎಂಬ ಪಾಳುಬಿದ್ದ ಊರಿನಿಂದ ೧೯೫೭ರಲ್ಲಿ ಕೆಲವು ಕಂಬಗಳನ್ನು ಕತ್ತರಿಸಿ ಒಯ್ದ ತಂಡದಲ್ಲಿ, ತಾಯಿಯ ಕಡೆಯಿಂದ ಹೈಡಾ ಕುಲದವನೇ ಆದ ಪ್ರಸಿದ್ಧ ಶಿಲ್ಪಿ ಬಿಲ್ ರೀಡ್ ಕೂಡ ಇದ್ದ. ಆ ಹಳೆಯ ಮಾದರಿಗಳನ್ನು ಕಣ್ಣಾರೆ ಕಂಡು ಕಲಿತೇ ಅವನ ಪೀಳಿಗೆ ಕಲೆಯನ್ನು ಮತ್ತೆ ಎತ್ತಿತು. ಡೇವಿಡ್‌ಸನ್ ಅವನ ಶಿಷ್ಯ. ಉಳಿಸಿದ್ದರಿಂದ ಉಪಕಾರವಾಗಲಿಲ್ಲವೆಂದು ಹೇಳಲಾಗದು. ಇತ್ತ ಸ್ಗಾಂಗ್ ಗ್ವಾಯ್‌ನಲ್ಲಿ ಉಳಿದ ಕಂಬಗಳು ೧೯೮೧ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೂ, ಹೈಡಾ ಜನರ ಇಚ್ಛೆಯಂತೆ, ಕಡಲಿಗೆ ಮುಖಮಾಡಿ ಮೆಲ್ಲಮೆಲ್ಲಗೆ ವಾಲುತ್ತಿವೆ. ಎಡಿನ್‌ಬರೋದಲ್ಲಿದ್ದ ನಿಸ್ಗಾ ಕಂಬವೂ ೨೦೨೩ರ ಸೆಪ್ಟೆಂಬರಿನಲ್ಲಿ ವಿಮಾನವೇರಿ ಮನೆಗೆ ಬಂತು. ಆದರೆ ನಿಸ್ಗಾ ಜನ ಅದನ್ನು ಮಳೆಗೆ ಬಿಡದೆ, ತಮ್ಮದೇ ವಸ್ತುಸಂಗ್ರಹಾಲಯದ ಸೂರಿನ ಕೆಳಗೆ ಇರಿಸಿದ್ದಾರೆ. ಒಬ್ಬರು ಬಿಟ್ಟರು, ಒಬ್ಬರು ಇಟ್ಟರು. ಎರಡೂ ಸರಿಯೇ; ಏಕೆಂದರೆ ಎರಡು ಕಡೆಯೂ ನಿರ್ಧಾರ ಕಂಬದವರದು. ಕೆಡದಂತೆ ಕಾಯುವುದು ಒಳ್ಳೆಯದೋ, ಮಣ್ಣಿಗೆ ಬಿಡುವುದು ಒಳ್ಳೆಯದೋ ಎಂದು ನಾವು ವಾದಿಸುತ್ತ ಕೂರುತ್ತೇವೆ. ಅದಕ್ಕೆ ಮೊದಲು, ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆ ಇತ್ಯರ್ಥವಾಗಬೇಕು.

ಆ ಅಧಿಕಾರದ ಪ್ರಶ್ನೆ ನ್ಯಾಯಾಲಯದಲ್ಲೂ ಎದ್ದಿತು. ಗಿಟ್ಕ್ಸಾನ್ ಮತ್ತು ವೆಟ್‌ಸುವೆಟೆನ್ ಮನೆತನಗಳ ಯಜಮಾನರು ಸುಮಾರು ೫೮,೦೦೦ ಚದರ ಕಿಲೋಮೀಟರ್ ನೆಲ ತಮ್ಮದೆಂದು ದಾವೆ ಹೂಡಿದರು. ೧೯೮೭ರಲ್ಲಿ ವಿಚಾರಣೆ ತೊಡಗಿತು. ಕಾಗದಪತ್ರವೆಲ್ಲಿ ಎಂದರೆ ಮನೆತನದ ಕಥೆಗಳನ್ನು ಹೇಳಿದರು, ಕಂಬಗಳನ್ನು ತೋರಿದರು. ಮುದುಕಿಯೊಬ್ಬಳು ಸಾಕ್ಷಿಯ ಕಟ್ಟೆಯಲ್ಲಿ ನಿಂತು ಕುಲದ ಹಾಡನ್ನು ಹಾಡಹೊರಟಾಗ, ತನಗೆ ಸಂಗೀತದ ಕಿವಿಯಿಲ್ಲ, ಹಾಡಿ ಪ್ರಯೋಜನವಿಲ್ಲ ಎಂಬರ್ಥದ ಮಾತನ್ನು ನ್ಯಾಯಾಧೀಶರು ಆಡಿದರು. ೧೯೯೧ರ ತೀರ್ಪಿನಲ್ಲಿ ಬಾಯಿಮಾತಿನ ಇತಿಹಾಸಕ್ಕೆ ಬೆಲೆ ಸಿಗಲಿಲ್ಲ. ೧೯೯೭ರ ಡಿಸೆಂಬರಿನಲ್ಲಿ ಕೆನಡದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿತು. ನೆಲವನ್ನು ಅದು ಕೈಗೆ ಕೊಡಲಿಲ್ಲ. ಹೊಸದಾಗಿ ವಿಚಾರಣೆ ನಡೆಯಬೇಕೆಂದಿತು. ಆದರೆ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಇತಿಹಾಸಕ್ಕೂ ಸಾಕ್ಷ್ಯದಲ್ಲಿ ತಕ್ಕ ಸ್ಥಾನ ಸಲ್ಲಬೇಕೆಂದು ಸ್ಪಷ್ಟವಾಗಿ ಸಾರಿತು.

ಹೈಡಾ ಜನರು ಕಾಡು ಕಡಿಯುವುದನ್ನು ವಿರೋಧಿಸಿ ೧೯೮೫ರಲ್ಲಿ ಲಯೆಲ್ ದ್ವೀಪದ ದಾರಿಗೆ ಅಡ್ಡ ನಿಂತಾಗ ೭೨ ಜನ ಬಂಧಿತರಾದರು. ಆ ಕಾಡು ಉಳಿಯಿತು. ೧೯೯೩ರಲ್ಲಿ ಅದನ್ನು ಹೈಡಾ ಜನರೂ ಸರ್ಕಾರವೂ ಕೂಡಿ ನೋಡಿಕೊಳ್ಳುವ ಒಪ್ಪಂದವಾಯಿತು. ಅದಕ್ಕೆ ೨೦ ವರ್ಷ ತುಂಬಿದ ನೆನಪಿಗೆ ೨೦೧೩ರಲ್ಲಿ ಅದೇ ದ್ವೀಪದಲ್ಲಿ ೪೨ ಅಡಿಯ ಕಂಬವನ್ನು ಎತ್ತಿದರು. ಕೆತ್ತಿದವನು ಜಾಲೆನ್ ಎಡೆನ್‌ಷಾ. ಹದ್ದು, ಕಾಡುಕಾಗೆಗಳ ನಡುವೆ, ತೋಳಿಗೆ ತೋಳು ಸೇರಿಸಿ ಅಡ್ಡ ನಿಂತ ಐದು ಜನರ ಸಾಲೂ ಅದರಲ್ಲಿದೆ. ೨೦೨೪ರಲ್ಲಿ ಬ್ರಿಟಿಷ್ ಕೊಲಂಬಿಯ ಸರ್ಕಾರ ಇಡೀ ಹೈಡಾ ದ್ವೀಪಸಮೂಹದ ಮೇಲೆ ಆ ಜನರ ಹಕ್ಕನ್ನು ಒಪ್ಪಿಕೊಂಡಿತು. ಹಳೆಯ ಪುರಾಣ ಮುಗಿಯಿತೆಂದು ಹೊರಗಿನವರು ಭಾವಿಸಿದ್ದ ಕಡೆ ಹೊಸ ಅಧ್ಯಾಯವನ್ನು ಹೀಗೆ ಕೆತ್ತಿದ್ದಾರೆ.

ಸೀಡರ್ ಎಷ್ಟೇ ಗಟ್ಟಿಯಾದರೂ ಆ ಮಳೆಯಲ್ಲಿ ಒಂದು ಕಂಬದ ಆಯುಸ್ಸು ಹೆಚ್ಚೆಂದರೆ ನೂರು ವರ್ಷದ ಆಸುಪಾಸು. ಮನುಷ್ಯನ ಆಯುಸ್ಸಿಗಿಂತ ಬಹಳ ದೊಡ್ಡದಲ್ಲ. ಅಳಿಯುವ ಮರದ ಮೇಲೆ ತಮ್ಮ ವಂಶವನ್ನು ಬರೆದವರು ಅದನ್ನು ಅರಿಯದವರಲ್ಲ. ಪ್ರತಿ ತಲೆಮಾರೂ ಮತ್ತೆ ಮರ ಕಡಿಯಬೇಕು, ಮತ್ತೆ ಕಥೆ ಕೇಳಬೇಕು, ಮತ್ತೆ ನೆರೆಯವರನ್ನು ಕರೆದು ಉಣಿಸಿ ಸಾಕ್ಷಿಯಾಗಿಸಬೇಕು. ಹಾಗೆ ಮಾಡದ ದಿನ ಕಂಬ ನಿಂತಿದ್ದರೂ ಬಿದ್ದಂತೆಯೇ. ಮಾಡುವವರು ಇರುವ ತನಕ, ಮಿಸ್‌ಕುಸಾದ ಕಾಡಿನಲ್ಲಿ ಹಾವಸೆಯ ಕೆಳಗೆ ಮಣ್ಣಾಗುತ್ತಿರುವ ಆ ಮರವೂ ತನ್ನ ಮಾತನ್ನು ಆಡುತ್ತಲೇ ಇರುತ್ತದೆ.